ಬುರುಡೆಯ ಸರದಿ

ಮನುಷ್ಯನ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬುದನ್ನು ಅವನು ಬರೆದ ನಾಲ್ಕು ಸಾಲು ನೋಡಿಯೇ ಹೇಳಿಬಿಡುವ ಯಂತ್ರವೊಂದಿದ್ದರೆ ಹೇಗೆ? ಕೇಳುವುದಕ್ಕೇನೋ ಚೆನ್ನಾಗಿದೆ. ಈ ಯೋಚನೆ ಮೊದಲ ಸಲ ಹೊಳೆದಾಗ ಇಂಚರಳೂ ಹಾಗೇ ಅಂದುಕೊಂಡಿದ್ದಳು. ಅಂಥದ್ದು ಬಂದರೆ ಮೊದಲು ಮಂತ್ರಿಗಳ ಭಾಷಣಕ್ಕೆ ಹಿಡಿಯಬೇಕು ಎಂದು ಜೊತೆಯವರು ರೇಗಿಸಿದ್ದರು. ಆದರೆ ಅವಳಿಗೆ ಅದು ಬೇಕಾಗಿದ್ದದ್ದು ಕಡಲಮನೆಗೆ.

ಕಡಲಮನೆ ಎಂದರೆ ಹೊನ್ನಾವರದ ದಡದಿಂದ ದೂರ, ಸಮುದ್ರದ ತಳದಲ್ಲಿ ಕೂರಿಸಿದ್ದ ಉಕ್ಕಿನ ಮನೆ. ಮಳೆಗಾಲ ಮುಗಿದ ಮೇಲೆ ಮೂವರು ವಿಜ್ಞಾನಿಗಳು ಅದರೊಳಗೆ ಇಳಿದರೆ ಬೇಸಿಗೆ ಬಂದ ಮೇಲೇ ಅವರು ಮತ್ತೆ ಸೂರ್ಯನನ್ನು ನೋಡುವುದು. ಅಷ್ಟು ಆಳದ ಒತ್ತಡದಲ್ಲಿ ನಾವು ಉಸಿರಾಡುವ ಮಾಮೂಲಿ ಗಾಳಿ ಕೊಟ್ಟರೆ ಹೆಂಡ ಕುಡಿದವರ ಹಾಗೆ ಅಮಲೇರುತ್ತದೆ. ಅದಕ್ಕೇ ಹೀಲಿಯಂ ಬೆರೆಸಿದ ಗಾಳಿ. ಹೀಲಿಯಂ ಹೊಕ್ಕ ಗಂಟಲಿನಿಂದ ಹೊರಡುವುದೋ ಬರೀ ಕೀಚುಕೀಚು. ಹಾಗಾಗಿ ಕೆಳಗಿನವರು ಮೇಲಿನವರ ಜೊತೆ ಆಡುವ ಮಾತೆಲ್ಲ ಟೈಪ್ ಮಾಡಿಯೇ. ಆ ಬರಹವನ್ನು ಓದಿ, ಬರೆದವನ ಬುದ್ಧಿ ಚುರುಕಾಗಿದೆಯೋ ಮಂಕಾಗುತ್ತಿದೆಯೋ ಎಂದು ಹಸಿರು, ಹಳದಿ, ಕೆಂಪು ದೀಪದಲ್ಲಿ ತೋರಿಸುವ ಪ್ರೋಗ್ರಾಮನ್ನು ಇಂಚರ ವರ್ಷಗಟ್ಟಲೆ ಕೂತು ಕಟ್ಟಿದಳು. ಚಿನ್ನವನ್ನು ಒರೆಗೆ ಹಚ್ಚಿ ನೋಡುತ್ತಾರಲ್ಲ, ಹಾಗೆ ಅದಕ್ಕೂ ಒರೆ ಎಂದೇ ಹೆಸರಾಯಿತು. ಹೆಸರಿಟ್ಟವನು ಕೌಸ್ತುಭ.

ಈ ಕೌಸ್ತುಭ ಹೊಸಪೇಟೆಯವನು, ಸಮುದ್ರತಳದ ಮಣ್ಣು ಓದುವ ವಿಜ್ಞಾನಿ. ಇಂಚರಳಿಗೆ ಅವನು ಸಿಕ್ಕಿದ್ದು ಯಾವ ಕಾಲೇಜಿನಲ್ಲೂ ಅಲ್ಲ. ಇಬ್ಬರಿಗೂ ಇನ್ನೂ ಇಪ್ಪತ್ತು ದಾಟಿರಲಿಲ್ಲ, ಆಗ ಆನ್‌ಲೈನಿನಲ್ಲಿ ಒಗಟು ಬಿಡಿಸುವ ಒಂದು ಜಾಗದಲ್ಲಿ ಜಗಳವಾಡಿ ಪರಿಚಯ. ಆ ಜಗಳ ಬಿಡಿಸಲು ಬಂದವನು ದಾವಣಗೆರೆಯ ರೆಹಾನ್. ಈಗ ಅವನಿಗೆ ಅಲ್ಲಿ ಕನ್ನಡಕದ ಅಂಗಡಿಯಿದೆ. ಮೂವರೂ ಸೇರಿ ಕಟ್ಟಿಕೊಂಡ ಗುಂಪಿನ ಹೆಸರು ‘ಬುರುಡೆ ಬಳಗ’. ದಿನಕ್ಕೊಂದು ಲೆಕ್ಕದ ಒಗಟು, ದಿನಕ್ಕೊಂದು ಪದದ ಹುಟ್ಟು. ಇಪ್ಪತ್ತೈದು ವರ್ಷದಲ್ಲಿ ಮೂವರೂ ಎದುರುಬದುರು ಕೂತದ್ದು ಬೆರಳೆಣಿಕೆಯಷ್ಟು ಸಲ. ಗುಂಪು ಮಾತ್ರ ಒಂದು ದಿನವೂ ಬಾಯಿ ಮುಚ್ಚಿದ್ದಿಲ್ಲ.

ಹೆಸರಿಗೆ ತಕ್ಕ ನಿಯಮವೂ ಇತ್ತೆನ್ನಿ. ವಾರಕ್ಕೊಬ್ಬರಂತೆ ಬುರುಡೆಯ ಸರದಿ. ಯಾರ ಸರದಿಯೋ ಅವರು ಆ ವಾರ ಸುಳ್ಳು ಉತ್ತರ, ಸುಳ್ಳು ಪದಮೂಲ ಎಷ್ಟು ಬೇಕಾದರೂ ಬಿಡಬಹುದು, ಮುಖ ಗಂಟು ಹಾಕಿಕೊಂಡು ಪಂಡಿತರ ಧಾಟಿಯಲ್ಲಿ ವಾದಿಸಲೂಬಹುದು. ಮಿಕ್ಕಿಬ್ಬರು ಹಿಡಿಯಬೇಕು. ನಂಬಿ ಮೋಸಹೋದವರಿಗೆ ವಾರವಿಡೀ ‘ಸೋರೆಕಾಯಿ’ ಎಂಬ ಬಿರುದು. ಚಾವಿ ಎಂಬ ಪದ ಪೋರ್ಚುಗೀಸರು ಬಿಟ್ಟುಹೋದದ್ದು ಎಂದು ಇಂಚರ ನಿಜವನ್ನೇ ಹೇಳಿದಾಗ ರೆಹಾನ್ ನಂಬದೆ ಒಂದು ವಾರ ಜಗಳ ಕಾದಿದ್ದ. ಕೌಸ್ತುಭನೊಬ್ಬ ಮಾತ್ರ ಜನ್ಮದಲ್ಲಿ ಸೋರೆಕಾಯಿ ಆದವನಲ್ಲ. ಅವನ ಮುಂದೆ ಬುರುಡೆ ಬಿಟ್ಟರೆ ಅದು ನೆಲಕ್ಕೆ ಬೀಳುವ ಮೊದಲೇ ಹಿಡಿಯುತ್ತಿದ್ದ.

ಕಡಲಮನೆಗೆ ಇಳಿಯುವ ಅವಕಾಶ ಕೌಸ್ತುಭನಿಗೆ ಎರಡು ಸಲ ಕೈತಪ್ಪಿತ್ತು. ಒಮ್ಮೆ ಕಿವಿ ಸರಿಯಿಲ್ಲವೆಂದರು, ಇನ್ನೊಮ್ಮೆ ವಯಸ್ಸಾಯಿತೆಂದರು. ಮೂರನೇ ಸಲ ಹೆಸರು ಬಂದಾಗ ಅವನು ಗುಂಪಿನಲ್ಲಿ ಕುಣಿದಾಡಿದ್ದನ್ನು ಇಂಚರ ಈಗಲೂ ಮರೆತಿಲ್ಲ. ಒರೆಗೆ ದಿನವೂ ಸಹಜವಾದ ಬರಹ ಬೇಕಿತ್ತು. ಪರೀಕ್ಷೆ ಎಂದು ಗೊತ್ತಾದರೆ ಜನ ಸಹಜವಾಗಿ ಬರೆಯುವುದಿಲ್ಲ. ‘ನಮ್ಮ ಗುಂಪನ್ನೇ ಒರೆಗೆ ಓದಿಸೋಣ ಸರ್, ಅಲ್ಲಿ ಲೆಕ್ಕವೂ ಇರುತ್ತೆ, ಭಾಷೆಯೂ ಇರುತ್ತೆ’ ಎಂದು ಯೋಜನೆಯ ನಿರ್ದೇಶಕರಾದ ಹೆಬ್ಬಳ್ಳಿಯವರಿಗೆ ಹೇಳಿದವಳು ಇಂಚರಳೇ. ಕೌಸ್ತುಭನೂ ಒಪ್ಪಿದ. ಇಳಿಯುವ ದಿನ ಮಾತ್ರ ಒಂದು ಮಾತು ಬರೆದ: ‘ನೋಡು ಮಾರಾಯ್ತಿ, ನಿನ್ನ ಒರೆ ಸುಮ್ಮಸುಮ್ಮನೆ ಕೆಂಪಾಗಿ ನನ್ನನ್ನ ಮೇಲಕ್ಕೆ ಎಳೆಸಿದ್ರೆ ಈ ಜನ್ಮದಲ್ಲಿ ನಿನ್ನ ಜೊತೆ ಮಾತಾಡಲ್ಲ.’

ಅವನು ಹೇಳಿದ್ದರಲ್ಲಿ ಅರ್ಥವಿತ್ತು. ಕೆಳಗಿನವರನ್ನು ಲಿಫ್ಟಿನಲ್ಲಿ ಕರೆತಂದಂತೆ ತರಲಾಗುವುದಿಲ್ಲ. ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ರಕ್ತದಲ್ಲಿ ಗುಳ್ಳೆ ಏಳುತ್ತದೆ. ಒತ್ತಡವನ್ನು ಇಳಿಸುತ್ತ ಇಳಿಸುತ್ತ ದಿನಗಟ್ಟಲೆ ಕಾಯಿಸಿ ತರಬೇಕು. ಒಬ್ಬನನ್ನು ತಂದರೆ ಮೂವರನ್ನೂ ತಂದಂತೆ, ಆ ವರ್ಷದ ಕೆಲಸ ಅಲ್ಲಿಗೆ ಮುಗಿದಂತೆ.

ಒರೆಯ ಹಳದಿ ದೀಪ ಮೊದಲು ಹತ್ತಿದ್ದು ಸಂಕ್ರಾಂತಿಗೆ ಇನ್ನೂ ಕೆಲವು ದಿನವಿದ್ದಾಗ. ರೆಹಾನ್ ಹಳೇ ಒಗಟೊಂದನ್ನು ಹಾಕಿದ್ದ: ಕಬಡ್ಡಿ ಪಂದ್ಯಾವಳಿಗೆ ಮೂವತ್ತೇಳು ತಂಡ, ಸೋತವರು ಮನೆಗೆ; ಕೊನೆಗೆ ಒಂದೇ ತಂಡ ಉಳಿಯಬೇಕಾದರೆ ಎಷ್ಟು ಪಂದ್ಯ? ಒಂದು ಪಂದ್ಯಕ್ಕೆ ಒಂದು ತಂಡ ಹೊರಗೆ, ಹೊರಗೆ ಹೋಗಬೇಕಾದವರು ಮೂವತ್ತಾರು, ಆದ್ದರಿಂದ ಮೂವತ್ತಾರು. ಕೌಸ್ತುಭ ಮೂವತ್ತೇಳು ಎಂದ. ಜೊತೆಗೆ ‘ಗೆದ್ದವರೂ ಒಂದಲ್ಲ ಒಂದು ದಿನ ಸೋಲಲೇಬೇಕಲ್ಲ’ ಎಂದು ಸೇರಿಸಿದ.

ಇಂಚರ ನಿಯಂತ್ರಣ ಕೋಣೆಯಲ್ಲಿ ಕೂತಲ್ಲೇ ಗಹಗಹಿಸಿ ನಕ್ಕಳು. ಆ ವಾರ ಬುರುಡೆಯ ಸರದಿ ಕೌಸ್ತುಭನದ್ದೇ. ಎಂಥ ಸೊಗಸಾದ ಬುರುಡೆ! ರೆಹಾನ್ ನಗುವ ಮುಖಗಳ ಸಾಲೇ ಕಳಿಸಿದ. ಕೆಳಗಿನಿಂದ ಕೌಸ್ತುಭನೂ ಒಂದು ನಗುವ ಮುಖ ಕಳಿಸಿದ.

ಹಳದಿ ಹತ್ತಿದರೆ ಒರೆ ಮನುಷ್ಯರನ್ನು ಕೇಳುತ್ತಿತ್ತು. ತೆರೆಯ ಮೇಲೆ ಮೂರು ಗುಂಡಿ: ನಿಜವಾದ ತಪ್ಪು, ಗೊತ್ತಿಲ್ಲ, ತಮಾಷೆ. ಯಂತ್ರಕ್ಕೆ ಹಾಸ್ಯ ತಿಳಿಯದಲ್ಲ, ತಿಳಿದವರು ಕಲಿಸಬೇಕು. ಹೆಬ್ಬಳ್ಳಿಯವರು ಹಿಂದಿನಿಂದ ಬಂದು ಬಗ್ಗಿ ನೋಡಿದರು.

‘ಏನಮ್ಮ ಇದು?’

‘ಏನಿಲ್ಲ ಸರ್. ಇವನು ಬುರುಡೆ ಬಿಡ್ತಿದಾನೆ. ನಮ್ಮ ಗುಂಪಿನ ಆಟ ಅದು.’

‘ಖಾತ್ರಿನಾ? ಡಾಕ್ಟರಿಗೆ ಹೇಳ್ಲಾ?’

‘ಸರ್, ಇಪ್ಪತ್ತೈದು ವರ್ಷದಿಂದ ಇವನ ಬುರುಡೆ ನೋಡಿದೀನಿ. ನನಗಿಂತ ಚೆನ್ನಾಗಿ ಯಾವ ಡಾಕ್ಟರಿಗೆ ಗೊತ್ತು ಇವನು?’

ಹೆಬ್ಬಳ್ಳಿಯವರು ನಕ್ಕು ಹೋದರು. ಇಂಚರ ‘ತಮಾಷೆ’ ಒತ್ತಿದಳು. ದೀಪ ಹಸಿರಾಯಿತು. ಅಯ್ಯೋ, ಎಷ್ಟು ಹಗುರಾಗಿ ಒತ್ತಿದಳು!

ಮುಂದಿನ ವಾರ ಸರದಿ ರೆಹಾನನದ್ದು. ಅವನು ಇಡ್ಲಿಯ ಕಥೆ ಬಿಟ್ಟ: ಯಾವುದೋ ರಾಣಿ ಅಡುಗೆಭಟ್ಟನಿಗೆ ಹಿಟ್ಟಿನ ಮುದ್ದೆ ತೋರಿಸಿ ‘ಇಡು ಅಲ್ಲಿ’ ಎಂದಳಂತೆ, ಅದೇ ಇಡ್ಲಿ ಆಯಿತಂತೆ. ಚಿಕ್ಕ ಮಕ್ಕಳೂ ನಂಬದ ಬುರುಡೆ. ಕೌಸ್ತುಭನಿಂದ ಉತ್ತರ ಬಂತು: ‘ಹೌದಾ! ನನಗೆ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್ ರೆಹಾನ್.’

‘ನೋಡಿದ್ಯಾ, ನಮ್ಮ ಕಾಲನ್ನೇ ಎಳೀತಿದಾನೆ’ ಎಂದು ರೆಹಾನ್ ಬರೆದ. ಇಂಚರಳಿಗೂ ಹಾಗೇ ಅನಿಸಿತು. ಸರದಿ ಇಲ್ಲದಿದ್ದರೂ ಸೋರೆಕಾಯಿಯ ವೇಷ ಹಾಕಿ ಬಂದಿದ್ದಾನೆ, ಬುರುಡೆಗೆ ಮರುಬುರುಡೆ. ಹಳದಿ, ತಮಾಷೆ, ಹಸಿರು. ಮೂರನೇ ವಾರ ಅವಳದ್ದೇ ಸರದಿ. ಕೆಲಸ ತಲೆಯ ಮೇಲೆ ಕೂತಿತ್ತು, ಅವಳು ಏನೂ ಬಿಡಲಿಲ್ಲ. ಆದರೂ ಕೌಸ್ತುಭನ ತಪ್ಪು ಉತ್ತರಗಳು ಒಂದರ ಹಿಂದೊಂದು ಬಂದವು. ಒಮ್ಮೊಮ್ಮೆ ಉತ್ತರ ಮಾರನೇ ದಿನ ಬರುತ್ತಿತ್ತು. ಇಷ್ಟು ಹೊತ್ತು ಕೂತು ಹೆಣೆಯುತ್ತಾನಲ್ಲ ಮಹಾರಾಯ ಎಂದು ಅವಳು ಮೆಚ್ಚಿಕೊಳ್ಳುತ್ತಿದ್ದಳು.

ಮನೆಯಲ್ಲಿ ಅವಳ ಗಂಡ ತನ್ಮಯ್‌ಗೆ ಅವನ್ನೆಲ್ಲ ಓದಿ ಹೇಳುವುದು ವಾಡಿಕೆ. ತನ್ಮಯ್ ಹೊನ್ನಾವರದಲ್ಲಿ ಬೇಕರಿ ಇಟ್ಟುಕೊಂಡವನು, ಲೆಕ್ಕದ ಒಗಟು ಕಂಡರೆ ದೂರ. ಅವನು ಬಂಗಡೆ ಹುರಿಯುತ್ತ ಕೇಳಿಸಿಕೊಂಡ. ಒಂದು ಇಟ್ಟಿಗೆಯ ತೂಕ ಒಂದು ಕಿಲೋ ಮತ್ತು ಅರ್ಧ ಇಟ್ಟಿಗೆ, ಹಾಗಾದರೆ ಇಟ್ಟಿಗೆ ಎಷ್ಟು ತೂಗುತ್ತೆ ಎಂದು ಕೇಳಿದರೆ ಕೌಸ್ತುಭ ‘ಇಟ್ಟಿಗೆ ತುಂಬಾ ಭಾರ’ ಎಂದು ಬರೆದಿದ್ದ. ಇಂಚರ ನಗುತ್ತಲೇ ಇದ್ದಳು. ತನ್ಮಯ್ ನಗಲಿಲ್ಲ.

‘ಅಲ್ವೇ, ಇದ್ರಲ್ಲಿ ಬುರುಡೆ ಎಲ್ಲಿದೆ? ಮುಂಚೆ ಅವನು ಬಿಡೋ ಬುರುಡೆಗೆ ತಲೆಬಾಲ ಇರ್ತಿತ್ತು. ಇದು ಸುಸ್ತಾದವನ ಮಾತಿನ ಹಾಗಿದೆ ನೋಡು.’

‘ನಿಮಗೆ ಒಗಟು ಅರ್ಥ ಆಗಲ್ಲ, ಬಿಡಿ.’

‘ಒಗಟು ಅರ್ಥ ಆಗಲ್ಲ, ಮಾರಾಯ್ತಿ. ಸುಸ್ತು ಅರ್ಥ ಆಗುತ್ತೆ’ ಎಂದು ಅವನು ಮೀನು ಮಗುಚಿದ. ಇಂಚರ ಮೂಗು ಮುರಿದು ಎದ್ದುಹೋದಳು. ಎಷ್ಟಾದರೂ ಬೇಕರಿಯವನು, ಇವನಿಗೇನು ಗೊತ್ತು ನಮ್ಮ ಆಟ ಎಂಬ ಸಣ್ಣ ಜಂಬ. ಆ ಜಂಬವನ್ನು ನೆನೆದು ಅವಳು ಆಮೇಲೆ ಎಷ್ಟು ಸಲ ಹಣೆ ಚಚ್ಚಿಕೊಂಡಳೋ.

ಹಾಗೆ ನೋಡಿದರೆ ಆ ಇಟ್ಟಿಗೆಯ ದಿನ ಒರೆ ಹಳದಿಯನ್ನು ಹತ್ತಿಸಲೇ ಇಲ್ಲ. ಅವಳು ಮೆಚ್ಚುಗೆಯಿಂದ ಗಮನಿಸಿದಳು. ಅಷ್ಟು ಸಲ ಹೇಳಿಕೊಟ್ಟ ಮೇಲೆ ಒರೆ ಪಾಠ ಕಲಿತಿತ್ತು: ಕೌಸ್ತುಭನ ತಪ್ಪು ಎಂದರೆ ತಮಾಷೆ. ಅವನು ಎಷ್ಟು ತಪ್ಪಿದರೆ ಅಷ್ಟು ಹಸಿರು. ತನ್ನ ಯಂತ್ರಕ್ಕೆ ಕೊನೆಗೂ ಹಾಸ್ಯಪ್ರಜ್ಞೆ ಬಂತು ಎಂದು ಅವಳು ಹೆಬ್ಬಳ್ಳಿಯವರ ಹತ್ತಿರ ಹೇಳಿಕೊಂಡು ಬೀಗಿದಳು ಕೂಡ.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅನ್ನ ಕಲಸುತ್ತಿದ್ದಾಗ ರೆಹಾನನ ಫೋನ್ ಬಂತು. ಅವನು ಫೋನ್ ಮಾಡುವವನೇ ಅಲ್ಲ. ಏನಿದ್ದರೂ ಬರೆಯುವವನು.

‘ಇಂಚರಾ, ಈ ವಾರ ಬುರುಡೆ ಸರದಿ ಯಾರದ್ದು?’

‘ನಿಂದೇ. ಯಾಕೋ?’

‘ಅಂಗಡೀಲಿ ರಷ್ಷಿತ್ತು ಕಣೇ. ಹೊಸದು ಹೊಳೀಲಿಲ್ಲ. ಹೋದ ಸಲದ ಇಡ್ಲಿ ಕಥೇನೇ ಮತ್ತೆ ಹಾಕಿದೆ. ಬೈತಾನೆ ಅಂದ್ಕೊಂಡೆ. ಅವನು ಏನ್ ಬರೆದ ನೋಡು.’

ಅವಳು ಎಡಗೈಯಿಂದ ಫೋನಿನಲ್ಲೇ ಗುಂಪು ತೆರೆದಳು. ‘ಹೌದಾ! ನನಗೆ ಗೊತ್ತೇ ಇರಲಿಲ್ಲ. ಥ್ಯಾಂಕ್ಸ್ ರೆಹಾನ್.’

‘ಅದನ್ನೇ ಬರೆದಿದಾನೆ’ ಎಂದ ರೆಹಾನ್. ‘ಹೋದ ಸಲ ಏನು ಬರೆದಿದ್ನೋ ಅದನ್ನೇ. ಒಂದಕ್ಷರ ಹೆಚ್ಚಿಲ್ಲ ಕಮ್ಮಿಯಿಲ್ಲ. ಇನ್ನೊಂದು ಹೇಳ್ತೀನಿ ಕೇಳು. ಇಷ್ಟು ವರ್ಷದಲ್ಲಿ ಅವನು ಸರದಿ ತಪ್ಪಿ ಒಂದೇ ಒಂದು ಬುರುಡೆ ಬಿಟ್ಟಿದಾನಾ? ನಾನು ನೀನು ಕಳ್ಳಾಟ ಆಡಿದೀವಿ. ಅವನು ಆಡಿದ್ದು ನೋಡಿದೀಯಾ?’

ಇಂಚರ ನೆನಪು ಕೆದಕಿದಳು. ಇಲ್ಲ. ಆಡಿರಲಿಲ್ಲ. ನಿಯಮ ಎಂದರೆ ನಿಯಮ ಎಂದು ಪ್ರಾಣ ತಿನ್ನುತ್ತಿದ್ದವನೇ ಅವನು.

ಕಲಸಿದ ಅನ್ನ ಹಾಗೇ ಬಿಟ್ಟು ಎಂಜಲುಗೈಯಲ್ಲೇ ನಿಯಂತ್ರಣ ಕೋಣೆಗೆ ಓಡಿದಳು. ತಾನು ಒತ್ತಿದ ‘ತಮಾಷೆ’ಗಳನ್ನೆಲ್ಲ ಮರೆತುಬಿಡು ಎಂದು ಒರೆಗೆ ಹೇಳಿ, ಕೌಸ್ತುಭನ ಬರಹವನ್ನು ಮೊದಲಿನಿಂದ ಓದಿಸಿದಳು. ಹಸಿರು, ಹಸಿರು, ಹಳದಿ. ಆಮೇಲೆ ಕೆಂಪು. ಅಲ್ಲಿಂದ ಇಲ್ಲಿಯವರೆಗೆ ಬರೀ ಕೆಂಪು. ಹೆಬ್ಬಳ್ಳಿಯವರನ್ನು ಕೈಹಿಡಿದು ಎಳೆತಂದು ತೆರೆ ತೋರಿಸಿದಳು.

ಆಮೇಲೆ ಎಲ್ಲ ಸರಸರನೆ ನಡೆಯಿತು. ಕೆಳಗಿದ್ದ ಇನ್ನಿಬ್ಬರಿಗೆ ತಿಳಿಸಿ, ಕೌಸ್ತುಭನಿಗೆ ಆಮ್ಲಜನಕ ಹೆಚ್ಚು ಬೆರೆಸಿದ ಗಾಳಿಯ ಮುಖವಾಡ ಹಾಕಿಸಿದರು. ಅವರು ಹುಡುಕಿದಾಗ ಸಿಕ್ಕಿತು ಕಾರಣ. ತೇವ ಹೀರುವ ಯಂತ್ರದ ಮೋಟರು ಕಾದು ಕಾದು, ಅದರ ತಂತಿಯ ಹೊದಿಕೆ ಒಳಗೊಳಗೇ ಕರಕಲಾಗುತ್ತಿತ್ತು. ಬೆಂಕಿಯಿಲ್ಲ, ಹೊಗೆ ಕಾಣದು, ಸುಟ್ಟ ವಾಸನೆಯನ್ನು ಗಾಳಿ ಸೋಸುವ ಇದ್ದಿಲು ಹೀರಿಬಿಡುತ್ತಿತ್ತು. ಬರುತ್ತಿದ್ದದ್ದು ಕಾರ್ಬನ್ ಮಾನಾಕ್ಸೈಡ್, ರಕ್ತಕ್ಕೆ ಆಮ್ಲಜನಕ ಸೇರಗೊಡದ ವಿಷಗಾಳಿ. ಅದನ್ನು ಅಳೆಯಬೇಕಾದ ಮಾಪಕ ಕೆಟ್ಟು, ಸೊನ್ನೆ ತೋರಿಸುತ್ತ ಕೂತಿತ್ತು. ಆ ಇಬ್ಬರು ಹಗಲೆಲ್ಲ ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ಹೊರಗೆ ಹವಳದ ಕೆಲಸದಲ್ಲಿರುತ್ತಿದ್ದರು, ಮಲಗುತ್ತಿದ್ದದ್ದೂ ಮುಂದಿನ ಕೋಣೆಯಲ್ಲಿ. ಹೆಚ್ಚೆಂದರೆ ತಲೆನೋವು. ಕೌಸ್ತುಭ ಕೂತು ಮಣ್ಣು ಓದುತ್ತಿದ್ದದ್ದೂ, ಮಲಗುತ್ತಿದ್ದದ್ದೂ ಆ ಯಂತ್ರದ ಪಕ್ಕದ ಗೋಡೆಗೆ ಒರಗಿ. ಕೀಚುಕೀಚು ದನಿಗೆ ಬೇಸತ್ತು ಯಾರೂ ಹೆಚ್ಚು ಮಾತಾಡದ ಆ ಮನೆಯಲ್ಲಿ ಅವನು ಮೌನವಾದದ್ದು ಯಾರಿಗೂ ವಿಚಿತ್ರವೆನಿಸಿರಲಿಲ್ಲ.

ಒತ್ತಡ ಇಳಿಸಿ ಮೇಲೆ ತರುವಷ್ಟರಲ್ಲಿ ಶಿವರಾತ್ರಿ ಬಂತು. ಜೀವಕ್ಕೆ ಅಪಾಯವಿಲ್ಲ ಎಂದರು ವೈದ್ಯರು. ಆದರೆ ಮಿದುಳಿಗೆ ಆದದ್ದು ಆಗಿಹೋಗಿದೆ. ಇನ್ನೂ ಮುಂಚೆ ಸಿಕ್ಕಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು. ಅವರೇನೋ ಹೇಳಿ ಕೈ ತೊಳೆದುಕೊಂಡು ಹೋದರು. ಇಂಚರ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು.

ತನಿಖೆ ನಡೆಯಿತು. ಮೋಟರು, ಮಾಪಕ, ಅದನ್ನು ಪರೀಕ್ಷಿಸಬೇಕಾದವರ ಉದಾಸೀನ, ಎಲ್ಲವೂ ವರದಿಗೆ ಬಂತು. ಒರೆಯ ಬಗ್ಗೆ ಒಂದೇ ಸಾಲು: ಪ್ರಾಯೋಗಿಕ ವ್ಯವಸ್ಥೆ, ಎಚ್ಚರಿಕೆ ತಡವಾಯಿತು. ಗುಂಡಿ ಒತ್ತಿದ ಬೆರಳು ಯಾರದ್ದೆಂದು ಯಾರೂ ಕೇಳಲಿಲ್ಲ. ‘ನೀವು ಹೇಳಿದ್ದನ್ನ ನಾನೂ ಒಪ್ಪಿದ್ದೆನಲ್ಲಮ್ಮ, ಬಿಡಿ’ ಎಂದರು ಹೆಬ್ಬಳ್ಳಿಯವರು. ಬಿಡಿ ಎಂದರೆ ಬಿಡುವಂಥದ್ದೇ ಅದು? ಬುರುಡೆ ಬಳಗದಲ್ಲಿ ಆಮೇಲೆ ಯಾರೂ ಏನೂ ಬರೆಯಲಿಲ್ಲ.

ಯುಗಾದಿ ಕಳೆದ ಮೇಲೆ ಇಂಚರ ಹೊಸಪೇಟೆಗೆ ಹೋದಳು. ಹೇಳಿಬಿಡಬೇಕು ಎಂದೇ ಹೊರಟವಳು. ರೈಲಿನುದ್ದಕ್ಕೂ ಮಾತು ಜೋಡಿಸಿದ್ದಳು. ಕೌಸ್ತುಭನ ಹೆಂಡತಿ ಸಿಂಚನ ಬಾಗಿಲು ತೆರೆದು, ‘ಬನ್ನಿ ಅಕ್ಕ, ಬೆಳಿಗ್ಗೆಯಿಂದ ಮೂರು ಸಲ ಕೇಳಿದ್ರು, ಇಂಚರಾ ಬಂದ್ಲಾ ಅಂತ’ ಎಂದು ಕೈಹಿಡಿದು ಕರೆದೊಯ್ದಳು. ಸಿಂಚನ ಹಾರ್ಮೋನಿಯಂ ಪಾಠ ಹೇಳುವವಳು. ಹತ್ತು ಬೆರಳಿನಾಚೆ ಇವಳಿಗೆ ಲೆಕ್ಕ ಬಾರದೆಂದು ಕೌಸ್ತುಭ ಗುಂಪಿನಲ್ಲಿ ಸದಾ ರೇಗಿಸುತ್ತಿದ್ದ.

ಕೌಸ್ತುಭ ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದ. ಮೈ ಕೈ ತುಂಬಿಕೊಂಡು ಆರೋಗ್ಯವಾಗೇ ಕಂಡ. ಅವಳನ್ನು ನೋಡಿ ಮುಖ ಅರಳಿತು. ಮಾತು ಮಾತ್ರ ನಿಧಾನ. ಒಂದೊಂದು ಪದವನ್ನೂ ಹುಡುಕಿ ತರುತ್ತಿದ್ದ.

‘ಕೆಳಗೆ… ಕೊನೆಕೊನೆಗೆ… ಕಷ್ಟ ಆಗ್ತಿತ್ತು ಇಂಚರಾ. ಒಂದು ಉತ್ತರಕ್ಕೆ ಇಡೀ ದಿನ ಕೂರ್ತಿದ್ದೆ. ತಲೆ ಒಡೆದುಹೋಗ್ತಿತ್ತು. ಕಳಿಸಿದ ಕೂಡಲೇ ನೀವಿಬ್ರೂ ನಗ್ತಿದ್ರಿ. ಯಾಕೆ ಅಂತ ನನಗೆ ಗೊತ್ತಾಗ್ತಿರಲಿಲ್ಲ. ಇಷ್ಟು ನಗ್ತಿದಾರೆ ಅಂದ್ರೆ ಏನೋ ಚೆನ್ನಾಗೇ ಹೇಳಿರ್ಬೇಕು ಅಂದ್ಕೊಂಡು… ನಾನೂ ನಗೋ ಮುಖ ಕಳಿಸ್ತಿದ್ದೆ.’ ಅವನು ಅವಳ ಕೈ ತಟ್ಟಿದ. ‘ನೀವು ನಕ್ಕಿದ್ದಕ್ಕೇ ಅಲ್ಲಿ ದಿನ ತಳ್ಳಿದೆ ಕಣೇ.’

ಇವನಿಗೆ ಏನೆಂದು ಹೇಳುವುದು? ಆ ನಗುವನ್ನೂ ಕಿತ್ತುಕೊಳ್ಳುವುದೇ?

ಸಿಂಚನ ಮಂಡಕ್ಕಿ, ಮಿರ್ಚಿ ತಂದಿಟ್ಟು ನೆಲದ ಮೇಲೆ ಕೂತಳು. ‘ಅಕ್ಕ, ಇವರು ಅಷ್ಟು ಚೆನ್ನಾಗಿ ತಮಾಷೆ ಮಾಡ್ತಿದ್ರಾ ಅಲ್ಲಿಂದ? ಒಂದೆರಡು ಹೇಳಿ. ಈಗ ಮನೇಲಿ ನಗೋದೇ ಕಮ್ಮಿಯಾಗಿದೆ.’

‘ಹೇಳೇ’ ಎಂದ ಕೌಸ್ತುಭ, ಮಗುವಿನ ಹಾಗೆ ಕಾಯುತ್ತ.

ಇಂಚರ ತಪ್ಪಿಸಿಕೊಳ್ಳಲು ನೋಡಿದಳು. ಆಗಲಿಲ್ಲ. ನಾಲಿಗೆಗೆ ಬಂದದ್ದೊಂದನ್ನು ಹೇಳಿದಳು. ‘ಮರೆವು ಅನ್ನೋ ಪದ ಹೇಗೆ ಹುಟ್ಟಿತು ಅಂತ ಬರೆದಿದ್ದ. ನೆನಪು ನಡ್ಕೊಂಡು ಹೋಗ್ತಾ ಮರದ ಹಿಂದೆ ಹೋಗಿಬಿಡುತ್ತಂತೆ. ಮರ ಸರಿದ್ರೆ ಮತ್ತೆ ಕಾಣುತ್ತಂತೆ. ಅದಕ್ಕೇ ಮರೆವು ಅಂತೆ.’

ಸಿಂಚನ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಇಂಚರಳೂ ಹೇಗೋ ನಕ್ಕಳು. ಕೌಸ್ತುಭ ಇಬ್ಬರ ಮುಖವನ್ನೂ ನೋಡಿದ.

‘ಅದು ನಿಜ ಅಲ್ವಾ?’ ಎಂದ. ‘ನಾನು ನಿಜ ಅಂತಲೇ ಬರೆದಿದ್ದು.’

ಸಿಂಚನಳ ನಗು ಅರ್ಧಕ್ಕೇ ನಿಂತಿತು.

‘ಅಕ್ಕ, ಇದನ್ನ ಇವರು ಬರೆದಿದ್ದು ಯಾವಾಗ?’

‘ಸಂಕ್ರಾಂತಿಯ ಹೊತ್ತಿಗೆ’ ಎಂದಳು ಇಂಚರ. ಸುಳ್ಳು ಹೇಳಬಹುದಿತ್ತು. ಹೊಳೆಯಲಿಲ್ಲ.

‘ಮೇಲೆ ಕರ್ಕೊಂಡು ಬಂದಿದ್ದು ಶಿವರಾತ್ರಿಗೆ.’ ಸಿಂಚನಳ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ನಿಧಾನ ಸರಿಯಿತು, ವಾರದ ಮೇಲೆ ವಾರ. ಕೊನೆಯ ಗೆಣ್ಣಿಗೆ ಬಂದು ನಿಂತಿತು. ಅವಳು ತಲೆಯೆತ್ತಿ ಇಂಚರಳನ್ನು ನೋಡಿದಳು. ಇಂಚರಳೂ ಕಣ್ಣು ತಪ್ಪಿಸಲಿಲ್ಲ, ತಪ್ಪಿಸಿ ಹೋಗುವುದಾದರೂ ಎಲ್ಲಿಗೆ?

ಕೌಸ್ತುಭ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿದ.

‘ಯಾಕೆ ನಗು ನಿಲ್ಲಿಸಿದ್ರಿ? ಇನ್ನೊಂದು ಹೇಳು ಇಂಚರಾ’ ಎಂದ.